ಬಿಗ್ ಬಜಾರ್ ಮುಚ್ಚಿದ್ದು ಒಳಗಿನ ಕಾರಣದಿಂದಲೋ, ಹೊರಗಿನ ಕಾರಣದಿಂದಲೋ?

ಪ್ರಶ್ನೆ: ಎಂ.ಕಾಂ. ವಿದ್ಯಾರ್ಥಿನಿ, ಧಾರವಾಡ

ಎಲ್ಲರಿಗೂ ನಮಸ್ಕಾರ. ಚಿಲ್ಲರೆ ಮಾರಾಟ ಕಂಪನಿಗಳ ಆಡಳಿತ ನಿರ್ಧಾರಗಳನ್ನು ರೂಪಿಸುವ ಆಂತರಿಕ ಮತ್ತು ಬಾಹ್ಯ ಅಂಶಗಳ ಬಗ್ಗೆ ಕೊನೆಯ ಸೆಮಿಸ್ಟರ್‌ಗೆ ಒಂದು ಕಿರುಪ್ರಬಂಧ ಬರೆಯುತ್ತಿದ್ದೇನೆ. ಪಠ್ಯಪುಸ್ತಕ ತೆರೆದರೆ ಪುಟದ ಎಡಕ್ಕೆ ಒಂದು ಪಟ್ಟಿ, ಬಲಕ್ಕೆ ಇನ್ನೊಂದು. ಬಂಡವಾಳ, ಸಿಬ್ಬಂದಿ, ದಾಸ್ತಾನು, ಮಾಲೀಕರ ಧೋರಣೆ ಇವು ಒಳಗಿನವು. ತೆರಿಗೆ, ಕಾನೂನು, ಪೈಪೋಟಿ, ಗಿರಾಕಿಯ ಅಭಿರುಚಿ, ತಂತ್ರಜ್ಞಾನ ಇವು ಹೊರಗಿನವು. ಪರೀಕ್ಷೆಗೆ ಇಷ್ಟು ಸಾಕಾಗುತ್ತದೆ. ಆದರೆ ಬಿಗ್ ಬಜಾರ್ ನಡೆಸುತ್ತಿದ್ದ ಫ್ಯೂಚರ್ ಗ್ರೂಪ್ ಹಾಗೂ ಡಿಮಾರ್ಟ್ ನಡೆಸುವ ಅವೆನ್ಯೂ ಸೂಪರ್‌ಮಾರ್ಟ್ಸ್ ಎರಡನ್ನೂ ಅಕ್ಕಪಕ್ಕ ಇಟ್ಟುಕೊಂಡು ಬರೆಯಿರಿ ಎಂದು ನನ್ನ ಮಾರ್ಗದರ್ಶಕರು ಹೇಳಿದ್ದಾರೆ. ಅಲ್ಲಿಗೆ ಬಂದಾಗ ಈ ಎರಡು ಪಟ್ಟಿಗಳಿಂದ ನನಗೆ ಏನೂ ಉಪಯೋಗವಾಗುತ್ತಿಲ್ಲ.

ಎರಡೂ ಸರಿಸುಮಾರು ಒಂದೇ ಕಾಲದಲ್ಲಿ ಹುಟ್ಟಿದವು. ಬಿಗ್ ಬಜಾರ್ ಶುರುವಾದದ್ದು 2001ರಲ್ಲಿ. ಡಿಮಾರ್ಟ್‌ನ ಮೊದಲ ಮಳಿಗೆ 2002ರಲ್ಲಿ ಮುಂಬೈನ ಪೊವಾಯಿಯಲ್ಲಿ ತೆರೆಯಿತು. 2016ರ ನವೆಂಬರ್‌ನ ನೋಟು ರದ್ದತಿ, 2017ರ ಜುಲೈ 1ರ ಜಿಎಸ್‌ಟಿ, 2020ರ ಮಾರ್ಚ್‌ನ ಲಾಕ್‌ಡೌನ್ ಈ ಮೂರೂ ಎರಡೂ ಕಂಪನಿಗಳ ಬಾಗಿಲಿಗೆ ಒಂದೇ ದಿನ ಬಂದವು. ಆದರೂ ಫ್ಯೂಚರ್ ಗ್ರೂಪ್‌ನ ಚಿಲ್ಲರೆ ಕಂಪನಿ ಫ್ಯೂಚರ್ ರಿಟೇಲ್ 2022ರ ಜುಲೈನಲ್ಲಿ ದಿವಾಳಿ ಪ್ರಕ್ರಿಯೆಗೆ ಒಳಗಾಯಿತು. ಅವೆನ್ಯೂ ಸೂಪರ್‌ಮಾರ್ಟ್ಸ್ 2025ರ ಮಾರ್ಚ್ ಅಂತ್ಯದ ಹೊತ್ತಿಗೆ 415 ಮಳಿಗೆಗಳನ್ನು ನಡೆಸುತ್ತಿತ್ತು.

ಕೋವಿಡ್ ಹೊರಗಿನಿಂದ ಬಂದದ್ದರಿಂದ ಬಿಗ್ ಬಜಾರ್‌ನ ಪತನಕ್ಕೆ ಬಾಹ್ಯ ಅಂಶವೇ ಕಾರಣ ಎಂದು ಒಂದು ಅಧ್ಯಾಯದಲ್ಲಿ ಬರೆದಿದ್ದೆ. ಹಾಗಾದರೆ ಡಿಮಾರ್ಟ್‌ಗೆ ಕೋವಿಡ್ ಬರಲಿಲ್ಲವೇ ಎಂದು ಮಾರ್ಗದರ್ಶಕರು ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆದು ಹಿಂದಿರುಗಿಸಿದ್ದಾರೆ. ಈ ಪ್ರಶ್ನೆಗೆ ನನ್ನಲ್ಲಿ ಸರಿಯಾದ ಉತ್ತರವಿಲ್ಲ. ಮಳಿಗೆಗಳಲ್ಲಿ ಕೆಲಸ ಮಾಡಿದವರು, ಸ್ವಂತ ವ್ಯಾಪಾರ ಇರುವವರು, ಲೆಕ್ಕಪತ್ರ ನೋಡುವವರು ಇಲ್ಲಿ ಇದ್ದೀರಿ ಎಂಬ ಭರವಸೆಯಿಂದ ಕೇಳುತ್ತಿದ್ದೇನೆ. ನಿರ್ಧಾರ ತೆಗೆದುಕೊಳ್ಳುವ ಗಳಿಗೆಯಲ್ಲಿ ನಿಮ್ಮ ಮುಂದೆ ನಿಜವಾಗಿ ಏನಿರುತ್ತದೆ? ಒಳಗು, ಹೊರಗು ಎಂಬ ಗೆರೆಯನ್ನು ಎಲ್ಲಿ ಎಳೆಯುತ್ತೀರಿ?

ಉತ್ತರ 1: ಹಳೆಯ ಸ್ಟೋರ್ ಮ್ಯಾನೇಜರ್, ಬೆಂಗಳೂರು

ನಾನು ಒಂದು ಸರಣಿ ಮಳಿಗೆಯ ಕಂಪನಿಯಲ್ಲಿ ಹದಿನಾಲ್ಕು ವರ್ಷ ಇದ್ದವನು. ಆ ಕಂಪನಿಯ ಹೆಸರು ಇಲ್ಲಿ ಬೇಡ. ನಿಮ್ಮ ಮಾರ್ಗದರ್ಶಕರ ಕೆಂಪು ಶಾಯಿಯ ಪ್ರಶ್ನೆ ಬಹಳ ಸರಿಯಾಗಿದೆ. ನನ್ನ ಅನುಭವದಲ್ಲಿ ಹೊರಗಿನ ಸಂಗತಿ ಎಲ್ಲರಿಗೂ ಒಂದೇ ಅಳತೆಯಲ್ಲಿ ಬರುತ್ತದೆ. ಅದು ಬಂದ ದಿನ ನಮ್ಮ ಕೈಯಲ್ಲಿ ಎಷ್ಟು ಆಯ್ಕೆಗಳು ಉಳಿದಿರುತ್ತವೆ ಎಂಬುದು ಅದಕ್ಕೂ ಐದಾರು ವರ್ಷ ಮೊದಲೇ ಒಳಗಿನವರ ಕೈಯಿಂದ ತೀರ್ಮಾನವಾಗಿರುತ್ತದೆ. ಈ ತೀರ್ಮಾನ ಬಹುಪಾಲು ಮೂರು ವಿಷಯಗಳಲ್ಲಿ ಅಡಗಿರುತ್ತದೆ: ಬಾಡಿಗೆ, ಸಾಲ, ಮತ್ತು ಸರಬರಾಜುದಾರನಿಗೆ ಹಣ ಕೊಡುವ ರೂಢಿ.

ಬಾಡಿಗೆಯಿಂದಲೇ ಹೇಳುತ್ತೇನೆ. ನಾನು ಕೊನೆಯದಾಗಿ ನೋಡಿಕೊಂಡ ಮಳಿಗೆ ಒಂದು ಮಾಲ್‌ನ ಕೆಳ ಅಂತಸ್ತಿನಲ್ಲಿತ್ತು. ವ್ಯಾಪಾರ ಆಗಲಿ ಬಿಡಲಿ, ತಿಂಗಳಿಗೆ ಇಷ್ಟು ಎಂಬ ಕನಿಷ್ಠ ಬಾಡಿಗೆ ಇತ್ತು. ಮಾರಾಟ ಒಂದು ಮಟ್ಟ ದಾಟಿದರೆ ಅದರಲ್ಲಿ ಪಾಲು. ಇವೆರಡರ ಮೇಲೆ ಲಿಫ್ಟು, ಎಸಿ, ಕಾವಲು ಇತ್ಯಾದಿಗೆ ನಿರ್ವಹಣಾ ಶುಲ್ಕ. ಬೆಳಿಗ್ಗೆ ಬಾಗಿಲು ತೆರೆಯುವ ಮೊದಲು ನಾನು ನೋಡುತ್ತಿದ್ದದ್ದು ನಿನ್ನೆಯ ಒಟ್ಟು ಮಾರಾಟ, ಬಿಲ್ಲುಗಳ ಸಂಖ್ಯೆ, ಪ್ರತಿ ಬಿಲ್ಲಿನ ಸರಾಸರಿ ಮೊತ್ತ ಹಾಗೂ ಮುಗಿದುಹೋದ ಪದಾರ್ಥಗಳ ಪಟ್ಟಿ. ಮೊದಲ ಮೂರು ಅಂಕಿಗಳನ್ನು ಮೇಲಿನವರು ಕೇಳುತ್ತಿದ್ದರು. ನಾಲ್ಕನೆಯದನ್ನು ಯಾರೂ ಕೇಳುತ್ತಿರಲಿಲ್ಲ, ಆದರೆ ಮಳಿಗೆಯ ಹಣೆಬರಹ ಅದರಲ್ಲೇ ಇರುತ್ತಿತ್ತು.

ಒಂದು ಉದಾಹರಣೆ ಕೊಡುತ್ತೇನೆ. ಒಂದು ವರ್ಷ ಯುಗಾದಿಗೆ ಹತ್ತು ದಿನ ಇರುವಾಗ ತೊಗರಿಬೇಳೆ, ಬೆಲ್ಲ, ಕಡಲೆಬೇಳೆ ಮೂರೂ ಖಾಲಿಯಾದವು. ಮಾರುಕಟ್ಟೆಯಲ್ಲಿ ಕೊರತೆ ಇರಲಿಲ್ಲ. ನಮ್ಮ ಕಂಪನಿ ತೊಂಬತ್ತು ದಿನ ದಾಟಿದರೂ ಹಣ ಕೊಟ್ಟಿರಲಿಲ್ಲವಾದ್ದರಿಂದ ಸಗಟು ವ್ಯಾಪಾರಿ ಲಾರಿಯನ್ನು ನಿಲ್ಲಿಸಿದ್ದ. ರ‍್ಯಾಕು ಖಾಲಿ ಕಾಣಬಾರದೆಂದು ಒಂದೇ ಬ್ರ್ಯಾಂಡಿನ ಉಪ್ಪಿನ ಪ್ಯಾಕೆಟ್ಟುಗಳನ್ನು ಬೇಳೆಯ ನಾಲ್ಕು ಸಾಲುಗಳಲ್ಲಿ ಅಗಲವಾಗಿ ಹರಡಿದೆವು. ಒಬ್ಬ ವಯಸ್ಸಾದ ತಾಯಿ ಚೀಟಿ ಹಿಡಿದು ಬಂದವರು ಆ ಉಪ್ಪಿನ ಗೋಡೆಯನ್ನು ಸ್ವಲ್ಪ ಹೊತ್ತು ನೋಡಿ, ಬುಟ್ಟಿಯನ್ನು ಅಲ್ಲೇ ಇಟ್ಟು ಹೊರಟುಹೋದರು. ಆ ತಿಂಗಳ ವರದಿಯಲ್ಲಿ ನಾವು ಬರೆದದ್ದು ಪೈಪೋಟಿಯಿಂದಾಗಿ ಗಿರಾಕಿಗಳ ಸಂಖ್ಯೆ ಇಳಿದಿದೆ ಎಂದು. ಅಂದರೆ ಒಳಗಿನ ಕಾರಣವನ್ನು ಹೊರಗಿನ ಕಾರಣದ ಕಾಲಂನಲ್ಲಿ ತುಂಬಿದ್ದು ನಾವೇ. ಕಂಪನಿಗಳ ವಾರ್ಷಿಕ ವರದಿಗಳನ್ನು ಓದುವಾಗ ಇದನ್ನು ನೆನಪಿನಲ್ಲಿ ಇಟ್ಟುಕೊಳ್ಳಿ.

ಈಗ ನಿಮ್ಮ ಎರಡು ಕಂಪನಿಗಳ ವಿಷಯ. ಡಿಮಾರ್ಟ್ ಸಾಧ್ಯವಾದ ಕಡೆಗಳಲ್ಲೆಲ್ಲ ಮಳಿಗೆಯ ಜಾಗವನ್ನು ಕೊಂಡುಕೊಳ್ಳುತ್ತದೆ ಅಥವಾ ಬಹು ದೀರ್ಘಾವಧಿಯ ಗುತ್ತಿಗೆಗೆ ಪಡೆಯುತ್ತದೆ. ಥಳುಕಿನ ಮಾಲ್‌ಗಳಿಗೆ ಹೋಗುವುದಿಲ್ಲ. ಸರಬರಾಜುದಾರರಿಗೆ ಹಣವನ್ನು ಬೇಗನೆ ಕೊಟ್ಟು, ಅದರ ಬದಲಿಗೆ ಖರೀದಿ ದರದಲ್ಲಿ ರಿಯಾಯಿತಿ ಪಡೆಯುತ್ತದೆ. ಇದಕ್ಕೆ ತೆತ್ತ ಬೆಲೆ ಎಂದರೆ ನಿಧಾನಗತಿ. 2017ರ ಮಾರ್ಚ್‌ನಲ್ಲಿ ಷೇರುಪೇಟೆಗೆ ಬಂದಾಗ, ಅಂದರೆ ಹದಿನೈದು ವರ್ಷಗಳ ನಂತರವೂ, ಅದಕ್ಕೆ ಇದ್ದದ್ದು ಸುಮಾರು 130 ಮಳಿಗೆಗಳು. ಫ್ಯೂಚರ್ ಗ್ರೂಪ್ ಬಾಡಿಗೆ ಜಾಗಗಳಲ್ಲಿ, ಸಾಲದ ಬಲದಿಂದ, ಬಟ್ಟೆ, ದಿನಸಿ, ಪೀಠೋಪಕರಣ, ಎಲೆಕ್ಟ್ರಾನಿಕ್ಸ್ ಎಂದು ಹಲವು ರೂಪಗಳಲ್ಲಿ ಹರಡಿಕೊಂಡಿತು. ಸಾಲದ ಭಾರ ಕೋವಿಡ್‌ನಿಂದ ಹುಟ್ಟಿದ್ದಲ್ಲ. 2012ರಲ್ಲೇ ಆ ಭಾರ ಇಳಿಸಲು ತನ್ನ ಹೆಮ್ಮೆಯ ಪ್ಯಾಂಟಲೂನ್ಸ್ ಮಳಿಗೆಗಳನ್ನು ಆದಿತ್ಯ ಬಿರ್ಲಾ ಸಮೂಹಕ್ಕೆ ಸುಮಾರು 1,600 ಕೋಟಿ ರೂಪಾಯಿಯ ವ್ಯವಹಾರದಲ್ಲಿ ಬಿಟ್ಟುಕೊಡಬೇಕಾಯಿತು. ಅದಾದ ಎರಡೇ ವರ್ಷಕ್ಕೆ, 2014ರಲ್ಲಿ, ನಮ್ಮ ಬ್ರಿಗೇಡ್ ರಸ್ತೆಯ ಕೇಕು, ಬೆಣ್ಣೆಗಳಿಂದ ಹೆಸರಾದ ನೀಲಗಿರೀಸ್ ಅನ್ನು ಇದೇ ಫ್ಯೂಚರ್ ಗ್ರೂಪ್ ಕೊಂಡಾಗ ನಾವು ಸಹೋದ್ಯೋಗಿಗಳು ಬಹಳ ಬೆರಗಾಗಿದ್ದೆವು.

ಹಾಗಾಗಿ 2020ರ ಮಾರ್ಚ್‌ನಲ್ಲಿ ಬಾಗಿಲು ಮುಚ್ಚಿದಾಗ ಸ್ವಂತ ಕಟ್ಟಡದವರಿಗೆ ಸಂಬಳದ ಚಿಂತೆ ಮಾತ್ರ ಇತ್ತು, ಬಾಡಿಗೆಯವರಿಗೆ ಸಂಬಳ, ಬಾಡಿಗೆ, ಬಡ್ಡಿ ಮೂರೂ ಇದ್ದವು. ಇದು ಹೊಸ ಕಥೆಯೂ ಅಲ್ಲ. 1997ರಲ್ಲಿ ಚೆನ್ನೈನಲ್ಲಿ ಶುರುವಾದ ಸುಭಿಕ್ಷಾ ಕೆಲವೇ ವರ್ಷಗಳಲ್ಲಿ ಸುಮಾರು 1,600 ಮಳಿಗೆಗಳಿಗೆ ಬೆಳೆದು, 2008ರ ಜಾಗತಿಕ ಹಣಕಾಸು ಬಿಕ್ಕಟ್ಟಿನಲ್ಲಿ ಸಾಲ ಸಿಗದಂತಾದ ಕೂಡಲೇ 2009ರ ಆರಂಭದಲ್ಲಿ ನಿಂತುಹೋಯಿತು. ಆಗಲೂ ಹೊರಗಿನ ಬಿಕ್ಕಟ್ಟು ಎಲ್ಲರಿಗೂ ಇತ್ತು.

ಉತ್ತರ 2: ದಿನಸಿ ವ್ಯಾಪಾರಿ, ದಾವಣಗೆರೆ

ತಂಗಿ, ಮೇಲಿನ ಸರ್ ದೊಡ್ಡ ಕಂಪನಿಗಳ ಬಗ್ಗೆ ಬರೆದಿದ್ದಾರೆ. ನನ್ನದು ಮಂಡಿಪೇಟೆಯಲ್ಲಿ ತಂದೆಯ ಕಾಲದ ಒಂದು ಕಿರಾಣಿ ಅಂಗಡಿ, ಹೊಸ ಬಡಾವಣೆಯಲ್ಲಿ ನಾನು ತೆರೆದ ಒಂದು ಸಣ್ಣ ಸೂಪರ್ ಮಾರ್ಕೆಟ್. ಒಂದೇ ಕಾನೂನು ಈ ಎರಡು ಅಂಗಡಿಗಳಲ್ಲಿ ಹೇಗೆ ಬೇರೆ ಬೇರೆಯಾಗಿ ಕೆಲಸ ಮಾಡಿತು ಎಂಬುದನ್ನು ಹೇಳಿದರೆ ನಿಮ್ಮ ಪ್ರಬಂಧಕ್ಕೆ ಉಪಯೋಗವಾದೀತು.

2022ರ ಜುಲೈ 18ರವರೆಗೆ ಅಕ್ಕಿ, ಬೇಳೆ, ಹಿಟ್ಟುಗಳ ಮೇಲೆ ಜಿಎಸ್‌ಟಿ ಬೀಳುತ್ತಿದ್ದದ್ದು ನೋಂದಾಯಿತ ಬ್ರ್ಯಾಂಡಿನವುಗಳಿಗೆ. ಆ ದಿನದಿಂದ, ಬ್ರ್ಯಾಂಡ್ ಇರಲಿ ಬಿಡಲಿ, ಮೊದಲೇ ಪ್ಯಾಕ್ ಮಾಡಿ ಚೀಟಿ ಅಂಟಿಸಿದ 25 ಕಿಲೋವರೆಗಿನ ಎಲ್ಲ ಚೀಲಗಳಿಗೂ ಶೇ 5ರ ತೆರಿಗೆ ಬಂತು. 25 ಕಿಲೋ ಮೀರಿದ ಚೀಲಕ್ಕೆ ಇಲ್ಲ. ಅಂಗಡಿಯವನು ದೊಡ್ಡ ಚೀಲ ಬಿಚ್ಚಿ ಸಡಿಲವಾಗಿ ತೂಗಿ ಕೊಟ್ಟರೂ ಇಲ್ಲ. ಸಾವಿರದ ಇನ್ನೂರು ರೂಪಾಯಿಯ ಸೋನಾ ಮಸೂರಿ ಚೀಲದ ಮೇಲೆ ಅರವತ್ತು ರೂಪಾಯಿ ಹೆಚ್ಚಾಗುತ್ತದೆ ಎಂದರೆ ನಮ್ಮ ಗಿರಾಕಿ ಎರಡು ಬಾರಿ ಯೋಚಿಸುತ್ತಾನೆ. ಅಕ್ಕಿಯಲ್ಲಿ ನಮಗೆ ಸಿಗುವ ಲಾಭವೇ ಅಷ್ಟಿರುವುದಿಲ್ಲ.

ಗಂಗಾವತಿ, ಸಿಂಧನೂರು ಕಡೆಯ ಮಿಲ್ಲುಗಳ ಏಜೆಂಟರು ಫೋನ್ ಮಾಡಿ, 26 ಕಿಲೋ ಚೀಲ ಕಳಿಸಲೇ ಎಂದು ಕೇಳತೊಡಗಿದರು. ಒಂದು ಕಿಲೋ ಹೆಚ್ಚು ತುಂಬಿದರೆ ತೆರಿಗೆಯ ಗೆರೆ ದಾಟಿದಂತಾಯಿತು. ಇಂದಿಗೂ ನಮ್ಮ ರಾಜ್ಯದ ಅಂಗಡಿಗಳಲ್ಲಿ 26 ಕಿಲೋ ಎಂದು ಅಚ್ಚಾದ ಚೀಲಗಳು ಸಾಲಾಗಿ ನಿಂತಿರುವುದಕ್ಕೆ ಕಾರಣ ಇದು. ಯಾಕಣ್ಣ ಇಪ್ಪತ್ತಾರು ಎಂದು ಕೇಳುವ ಗಿರಾಕಿಗೆ ಮೊದಲ ಆರು ತಿಂಗಳು ಉತ್ತರ ಹೇಳಿ ಹೇಳಿ ನನಗೆ ಸಾಕಾಗಿತ್ತು.

ಮಂಡಿಪೇಟೆಯ ಅಂಗಡಿಗೆ ಈ ಕಾನೂನಿನಿಂದ ತೊಂದರೆಯೇ ಆಗಲಿಲ್ಲ. ಅಲ್ಲಿ ತಕ್ಕಡಿ ಇದೆ, ತೂಗುವ ಹುಡುಗರು ಇದ್ದಾರೆ, ಚೀಲ ಬಿಚ್ಚಿ ಇಡಲು ಜಾಗವಿದೆ. ಐದು ಕಿಲೋ ಅಕ್ಕಿ, ಎರಡು ಕಿಲೋ ಬೇಳೆ ಎಂದರೆ ಕಾಗದದ ಪೊಟ್ಟಣದಲ್ಲೋ ಬಟ್ಟೆಯ ಚೀಲದಲ್ಲೋ ತೂಗಿ ಕೊಡುವುದು ತಂದೆಯ ಕಾಲದ ಪದ್ಧತಿ. ಸೂಪರ್ ಮಾರ್ಕೆಟ್‌ನಲ್ಲಿ ನಾನು ಆಧುನಿಕವಾಗಿರಬೇಕೆಂದು ತಕ್ಕಡಿಯನ್ನೇ ಇಟ್ಟಿರಲಿಲ್ಲ. ಅದಕ್ಕೂ ಒಂದು ವರ್ಷ ಮೊದಲು ಸಾಲ ಮಾಡಿ ಒಂದು ಪ್ಯಾಕಿಂಗ್ ಯಂತ್ರ ಕೊಂಡು, ಒಂದು ಕಿಲೋ, ಎರಡು ಕಿಲೋ ಪ್ಯಾಕೆಟ್ಟುಗಳನ್ನು ನಾವೇ ಮಾಡಿ ಚೀಟಿ ಅಂಟಿಸಿ ಇಡುತ್ತಿದ್ದೆವು. ರಾತ್ರಿ ಬೆಳಗಾಗುವುದರೊಳಗೆ ಆ ಪ್ರತಿ ಪ್ಯಾಕೆಟ್ಟಿಗೂ ತೆರಿಗೆ ಬಂತು. ಕಾನೂನು ಹೊರಗಿನದು, ಸರಿ. ಆದರೆ ಒಂದು ಅಂಗಡಿಯಲ್ಲಿ ತಕ್ಕಡಿ ಇದ್ದದ್ದು, ಇನ್ನೊಂದರಲ್ಲಿ ಇಲ್ಲದೆ ಹೋದದ್ದು ನನ್ನದೇ ನಿರ್ಧಾರ.

ಇನ್ನೊಂದು ಹೊರಗಿನ ಅಂಶವನ್ನು ಪುಸ್ತಕದವರು ಮರೆಯುತ್ತಾರೆ: ಸರ್ಕಾರದ ಪಡಿತರ. 2023ರ ಜುಲೈಯಿಂದ ಅನ್ನಭಾಗ್ಯದ ಹೆಚ್ಚುವರಿ ಐದು ಕಿಲೋ ಅಕ್ಕಿಯ ಬದಲು ತಲೆಗೆ 170 ರೂಪಾಯಿಯಂತೆ ಖಾತೆಗೆ ಹಣ ಬರತೊಡಗಿದಾಗ ನಮ್ಮಲ್ಲಿ ಸಾಧಾರಣ ದರದ ಅಕ್ಕಿಯ ಮಾರಾಟ ಏರಿತು. 2025ರಲ್ಲಿ ಹಣದ ಬದಲು ಮತ್ತೆ ಅಕ್ಕಿಯನ್ನೇ ಕೊಡತೊಡಗಿದ ಮೇಲೆ ಇಳಿಯಿತು. ಯಾವ ಅಕ್ಕಿಯನ್ನು ಎಷ್ಟು ಚೀಲ ತರಿಸಬೇಕೆಂದು ನಾನು ಯೋಚಿಸುವಾಗ ಪಕ್ಕದ ಸೂಪರ್ ಮಾರ್ಕೆಟ್‌ಗಿಂತ ನ್ಯಾಯಬೆಲೆ ಅಂಗಡಿಯ ಕಡೆಗೆ ಹೆಚ್ಚು ನೋಡುತ್ತೇನೆ.

ಪ್ರಶ್ನೆ ಕೇಳಿದವರು:

ಇಬ್ಬರಿಗೂ ಧನ್ಯವಾದಗಳು. ಉಪ್ಪಿನ ಗೋಡೆಯ ಪ್ರಸಂಗ ಓದಿದಾಗ ಕಂಪನಿಗಳ ವರದಿಗಳಿಂದ ನಾನು ನಕಲು ಮಾಡಿಕೊಂಡಿದ್ದ ಬಾಹ್ಯ ಕಾರಣಗಳ ಪಟ್ಟಿಯ ಮೇಲೆ ಅನುಮಾನ ಬಂತು. ಆದರೆ ನನಗೆ ಇನ್ನೊಂದು ಗೊಂದಲ ಉಳಿದಿದೆ. ಎಲ್ಲವೂ ಒಳಗಿನ ಹಳೆಯ ನಿರ್ಧಾರಗಳಿಂದಲೇ ತೀರ್ಮಾನವಾಗುತ್ತದೆ ಎಂದರೆ ಬಾಹ್ಯ ಅಂಶ ಎಂಬ ಅಧ್ಯಾಯವನ್ನೇ ಬಿಟ್ಟುಬಿಡಬೇಕೇ? ಗೆದ್ದವರನ್ನು ಬುದ್ಧಿವಂತರೆಂದೂ ಸೋತವರನ್ನು ದಡ್ಡರೆಂದೂ ಕರೆದಂತಾಗುವುದಿಲ್ಲವೇ?

ಉತ್ತರ 3: ಲೆಕ್ಕಪರಿಶೋಧಕ, ಶಿವಮೊಗ್ಗ

ನಿಮ್ಮ ಎರಡನೆಯ ಪ್ರಶ್ನೆ ಮೊದಲನೆಯದಕ್ಕಿಂತ ಮುಖ್ಯವಾದದ್ದು. ಮೇಲಿನ ಇಬ್ಬರ ಮಾತನ್ನೂ ನಾನು ಬಹುಮಟ್ಟಿಗೆ ಒಪ್ಪುತ್ತೇನೆ, ಆದರೆ ಡಿಮಾರ್ಟ್‌ನವರ ದೂರದೃಷ್ಟಿಯ ಬಗ್ಗೆ ಪುಟಗಟ್ಟಲೆ ಬರೆಯುವ ಮೊದಲು ಒಂದು ಸಂಗತಿಯನ್ನು ಗಮನಿಸಿ. ಷೇರುಪೇಟೆಯಲ್ಲಿ ನೋಂದಾಯಿತವಾದ ಕಂಪನಿಯಲ್ಲಿ ಕನಿಷ್ಠ ಶೇ 25ರಷ್ಟು ಷೇರು ಸಾರ್ವಜನಿಕರ ಕೈಯಲ್ಲಿ ಇರಬೇಕು; ಆರಂಭದಲ್ಲಿ ಅಷ್ಟು ಇಲ್ಲದಿದ್ದರೆ ಮೂರು ವರ್ಷಗಳೊಳಗೆ ಆ ಮಟ್ಟಕ್ಕೆ ತರಬೇಕು ಎಂಬುದು ಆಗಿನ ನಿಯಮ. ಅವೆನ್ಯೂ ಸೂಪರ್‌ಮಾರ್ಟ್ಸ್ 2017ರ ಮಾರ್ಚ್‌ನಲ್ಲಿ ಪೇಟೆಗೆ ಬಂದಾಗ ಪ್ರವರ್ತಕರಾದ ರಾಧಾಕಿಶನ್ ದಮಾನಿ ಮತ್ತು ಅವರ ಕಡೆಯವರ ಪಾಲು ಶೇ 80ಕ್ಕಿಂತ ಹೆಚ್ಚಿತ್ತು. ಗಡುವು 2020ರ ಮಾರ್ಚ್‌ಗೆ ಬಂತು. ಅದನ್ನು ಪಾಲಿಸಲು 2020ರ ಫೆಬ್ರವರಿಯಲ್ಲಿ ಪ್ರವರ್ತಕರು ತಮ್ಮ ಪಾಲಿನ ಒಂದಿಷ್ಟನ್ನು ಮಾರಿದರು. ಕಂಪನಿಯೂ 2 ಕೋಟಿ ಹೊಸ ಷೇರುಗಳನ್ನು ತಲಾ 2,049 ರೂಪಾಯಿಯಂತೆ ದೊಡ್ಡ ಹೂಡಿಕೆದಾರರಿಗೆ ಮಾರಿ ಸುಮಾರು 4,098 ಕೋಟಿ ರೂಪಾಯಿ ಸಂಗ್ರಹಿಸಿತು. ಮುಂದಿನ ತಿಂಗಳು ದೇಶಕ್ಕೆ ದೇಶವೇ ಬಾಗಿಲು ಹಾಕಿಕೊಂಡಿತು.

ಅಂದರೆ ಲಾಕ್‌ಡೌನ್‌ನ ದಿನ ಆ ಕಂಪನಿಯ ಕೈಯಲ್ಲಿದ್ದ ನಗದಿನ ದೊಡ್ಡ ಪಾಲು ಯಾರ ಜಾಣತನದಿಂದಲೂ ಬಂದದ್ದಲ್ಲ, ಹೊರಗಿನ ಒಂದು ನಿಯಮದ ಗಡುವಿನಿಂದ ಬಂದದ್ದು. ಷೇರಿಗೆ ಅಷ್ಟು ಬೆಲೆ ಸಿಕ್ಕದ್ದರಲ್ಲಿ ಹಿಂದಿನ ವರ್ಷಗಳ ಶಿಸ್ತಿನ ಪಾತ್ರ ಇದೆ, ಅಲ್ಲಗಳೆಯುವುದಿಲ್ಲ. ಆದರೆ ಗಡುವು ಆರು ತಿಂಗಳು ತಡವಾಗಿದ್ದಿದ್ದರೆ ಚಿತ್ರ ಸ್ವಲ್ಪವಾದರೂ ಬೇರೆ ಇರುತ್ತಿತ್ತು ಎಂಬುದನ್ನು ಬರೆಯದೆ ಬಿಟ್ಟರೆ ಪ್ರಬಂಧ ಭಟ್ಟಂಗಿತನವಾಗುತ್ತದೆ.

ಫ್ಯೂಚರ್ ಗ್ರೂಪ್‌ನದು ಇದರ ತದ್ವಿರುದ್ಧ ಉದಾಹರಣೆ. 2020ರ ಆಗಸ್ಟ್‌ನಲ್ಲಿ ರಿಲಯನ್ಸ್‌ಗೆ 24,713 ಕೋಟಿ ರೂಪಾಯಿಗೆ ತನ್ನ ಚಿಲ್ಲರೆ ಮತ್ತು ಸಗಟು ವ್ಯವಹಾರಗಳನ್ನು ಮಾರಲು ಅದು ಒಪ್ಪಂದ ಮಾಡಿಕೊಂಡಿತು. ಅದು ನಡೆದಿದ್ದರೆ ಸಾಲ ಕೊಟ್ಟ ಬ್ಯಾಂಕುಗಳಿಗೂ ಸರಬರಾಜುದಾರರಿಗೂ ಹಣ ಸಿಗುವ ದಾರಿ ಇತ್ತು. ತಡೆದದ್ದು ಅಮೆಜಾನ್. 2019ರಲ್ಲಿ ಅದು ಫ್ಯೂಚರ್ ಕೂಪನ್ಸ್ ಎಂಬ ಸಮೂಹದ ಇನ್ನೊಂದು ಕಂಪನಿಯಲ್ಲಿ ಶೇ 49ರ ಪಾಲು ಕೊಂಡಿತ್ತು. ಆ ಒಪ್ಪಂದದ ಷರತ್ತುಗಳ ಪ್ರಕಾರ ಕೆಲವು ಪ್ರತಿಸ್ಪರ್ಧಿಗಳಿಗೆ ಆಸ್ತಿ ಮಾರುವಂತಿಲ್ಲ ಎಂದು ಸಿಂಗಪುರದ ಮಧ್ಯಸ್ಥಿಕೆ ಕೇಂದ್ರದ ಮೆಟ್ಟಿಲು ಹತ್ತಿತು. ವ್ಯಾಜ್ಯ ಎಳೆದಾಡಿತು. 2022ರ ಫೆಬ್ರವರಿ ಹೊತ್ತಿಗೆ, ಬಾಡಿಗೆ ಕಟ್ಟಲಾಗದ ನೂರಾರು ಮಳಿಗೆಗಳ ಗುತ್ತಿಗೆ ರಿಲಯನ್ಸ್‌ನ ಹೆಸರಿಗೆ ಹೋಗಿದ್ದು, ಅದು ಅವುಗಳನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಏಪ್ರಿಲ್‌ನಲ್ಲಿ ಬ್ಯಾಂಕುಗಳು ಮಾರಾಟದ ಯೋಜನೆಯ ವಿರುದ್ಧ ಮತ ಹಾಕಿದವು. ಈಗ ಹೇಳಿ, ಅಮೆಜಾನ್‌ನ ಅಡ್ಡಿ ಒಳಗಿನದೋ ಹೊರಗಿನದೋ? 2020ರಲ್ಲಿ ನಿಂತು ನೋಡಿದರೆ ಅದು ಹೊರಗಿನ ಗೋಡೆ. 2019ರಲ್ಲಿ ಅದು ಒಳಗೆ, ಮೇಜಿನ ಮೇಲೆ, ಹಣದ ತುರ್ತಿನಲ್ಲಿ ಬಿದ್ದ ಒಂದು ಸಹಿ.

ನನ್ನ ದೈನಂದಿನ ಕೆಲಸದಿಂದ ಎರಡು ಉದಾಹರಣೆ ಸೇರಿಸುತ್ತೇನೆ. ಸಣ್ಣ ಮತ್ತು ಅತಿ ಸಣ್ಣ ಉತ್ಪಾದಕರಿಂದ ಕೊಂಡ ಸರಕಿಗೆ ಗೊತ್ತಾದ ಅವಧಿಯೊಳಗೆ, ಲಿಖಿತ ಒಪ್ಪಂದ ಇದ್ದರೂ 45 ದಿನ ಮೀರದಂತೆ, ಹಣ ಕೊಡದಿದ್ದರೆ ಆ ಖರ್ಚನ್ನು ಆ ವರ್ಷದ ಆದಾಯದಿಂದ ಕಳೆಯುವಂತಿಲ್ಲ ಎಂಬ ಆದಾಯ ತೆರಿಗೆ ನಿಯಮ ಈಗ ಜಾರಿಯಲ್ಲಿದೆ; ನಿಜವಾಗಿ ಹಣ ಕೊಟ್ಟ ವರ್ಷದಲ್ಲಿ ಮಾತ್ರ ಕಳೆಯಬಹುದು. ಇದು ಬಂದ ವರ್ಷದ ಮಾರ್ಚ್ ತಿಂಗಳಿನಲ್ಲಿ ನನ್ನ ಕಕ್ಷಿದಾರರಲ್ಲಿ ಕೆಲವರು ಉಪ್ಪಿನಕಾಯಿ, ಹಪ್ಪಳ, ಅಗರಬತ್ತಿಯವರ ಬಾಕಿ ತೀರಿಸಲು ಓವರ್‌ಡ್ರಾಫ್ಟ್‌ಗೆ ಓಡಾಡಿದರು. ವಾರದೊಳಗೆ ಹಣ ಕೊಡುವ ರೂಢಿ ಇದ್ದ ಒಬ್ಬರು ಮಾತ್ರ, ಇದು ಯಾವ ನಿಯಮ ಸರ್, ನಮಗೇನಾದರೂ ಸಂಬಂಧವೇ ಎಂದು ಕೇಳಿದರು.

ಎರಡನೆಯದು 2025ರ ಸೆಪ್ಟೆಂಬರ್ 22ರ ಜಿಎಸ್‌ಟಿ ಇಳಿಕೆ. ಮೈಸೋಪು, ಶಾಂಪೂ, ಟೂತ್‌ಪೇಸ್ಟ್, ಬಿಸ್ಕತ್ತುಗಳ ತೆರಿಗೆ ಶೇ 18ರಿಂದ ಶೇ 5ಕ್ಕೆ ಬಂತು. ಗಿರಾಕಿಗೆ ಹಬ್ಬ. ಆದರೆ ಶೇ 18 ಕೊಟ್ಟು ಕೊಂಡ ಹಳೆಯ ಸರಕನ್ನು ಶೇ 5ರ ದರದಲ್ಲಿ ಮಾರಬೇಕಾದಾಗ, ಕೊಳ್ಳುವಾಗ ಕಟ್ಟಿದ ತೆರಿಗೆಯ ಜಮೆ (ಮಾರುವಾಗ ಕಟ್ಟಬೇಕಾದ ತೆರಿಗೆಯಿಂದ ಕಳೆದುಕೊಳ್ಳಬಹುದಾದ ಮೊತ್ತ) ಕೂಡಲೇ ಕರಗದೆ ಖಾತೆಯಲ್ಲೇ ಕೂರುತ್ತದೆ. ಹದಿನೈದು ದಿನದ ದಾಸ್ತಾನು ಇಟ್ಟವನ ದುಡ್ಡು ಅಲ್ಪ ಸಿಕ್ಕಿಹಾಕಿಕೊಂಡಿತು, ಕಂಪನಿಯ ಸ್ಕೀಮಿನ ಆಸೆಗೆ ಮೂರು ತಿಂಗಳಿನ ಸೋಪು ತುಂಬಿಸಿಕೊಂಡವನದು ಬಹಳವೇ ಸಿಕ್ಕಿಹಾಕಿಕೊಂಡಿತು. ಆದ್ದರಿಂದ ಬಾಹ್ಯ ಅಂಶದ ಅಧ್ಯಾಯವನ್ನು ಬಿಡಬೇಡಿ. ಪ್ರತಿ ಬಾಹ್ಯ ಘಟನೆಯ ಮುಂದೆ, ಇದು ಕಂಪನಿಯ ಯಾವ ಹಳೆಯ ನಿರ್ಧಾರವನ್ನು ಹೋಗಿ ತಟ್ಟಿತು ಎಂದು ಒಂದು ಸಾಲು ಬರೆಯಿರಿ.

ಉತ್ತರ 4: ಹಳೆಯ ಸ್ಟೋರ್ ಮ್ಯಾನೇಜರ್, ಬೆಂಗಳೂರು

ಶಿವಮೊಗ್ಗದ ಸರ್ ಹೇಳಿದ ಫೆಬ್ರವರಿಯ ಷೇರು ಮಾರಾಟದ ವಿಷಯ ನನ್ನ ಮೊದಲ ಉತ್ತರದಲ್ಲಿ ಬಿಟ್ಟುಹೋಗಿತ್ತು, ತಿದ್ದಿದ್ದಕ್ಕೆ ಧನ್ಯವಾದ. ಅದೇ ಜಾಡಿನಲ್ಲಿ ಇನ್ನೊಂದು ಮಾತು. ಒಳಗಿನ ಶಕ್ತಿ ಎಂದು ನಾವು ಕರೆಯುವುದು ಎಲ್ಲ ಕಾಲಕ್ಕೂ ಶಕ್ತಿಯಾಗಿ ಉಳಿಯುತ್ತದೆ ಎಂದೂ ಬರೆಯಬೇಡಿ.

ಕೋವಿಡ್ ಕಾಲದಲ್ಲಿ ಅಗತ್ಯ ವಸ್ತುಗಳನ್ನು ಬಿಟ್ಟು ಉಳಿದವನ್ನು ಮಾರುವುದಕ್ಕೆ ನಿರ್ಬಂಧವಿದ್ದಾಗ ಡಿಮಾರ್ಟ್‌ಗೂ ಪೆಟ್ಟು ಬಿತ್ತು. ಅಕ್ಕಿ, ಎಣ್ಣೆಯಲ್ಲಿ ಲಾಭದ ಅಂಚು ತೀರಾ ತೆಳು. ಬಕೆಟ್ಟು, ಪಾತ್ರೆ, ಟವೆಲು, ಮಕ್ಕಳ ಬಟ್ಟೆಗಳಲ್ಲಿ ದಪ್ಪ. ಕೋವಿಡ್‌ಗೆ ಮೊದಲು ಈ ಎರಡನೆಯ ಬಗೆಯ ಸರಕುಗಳು ಅವರ ಆದಾಯದ ಶೇ 27ರ ಆಸುಪಾಸಿನಲ್ಲಿದ್ದವು. ಆಮೇಲೆ ಶೇ 23ರ ಹತ್ತಿರಕ್ಕೆ ಇಳಿದು ಅಲ್ಲೇ ನಿಂತವು. ಸ್ವಂತ ಕಟ್ಟಡ ಇದ್ದ ಮಾತ್ರಕ್ಕೆ ಅದು ಮತ್ತೆ ಮೇಲೇಳಲಿಲ್ಲ.

ಈಗ ಹತ್ತು ನಿಮಿಷದಲ್ಲಿ ಮನೆ ಬಾಗಿಲಿಗೆ ತಲುಪಿಸುವವರು ಬಂದಿದ್ದಾರೆ. ಬ್ಲಿಂಕಿಟ್, ಇನ್‌ಸ್ಟಾಮಾರ್ಟ್, ಜೆಪ್ಟೊ ಮೂರೂ ಬೆಂಗಳೂರಿನ ಬಡಾವಣೆಗಳ ಒಳರಸ್ತೆಗಳಲ್ಲಿ ಬಾಡಿಗೆ ಗೋದಾಮುಗಳನ್ನು ತೆರೆದಿವೆ. ಒಂದು ರಸ್ತೆಯಲ್ಲಿ ವ್ಯಾಪಾರ ಆಗದಿದ್ದರೆ ಗೋದಾಮು ಮುಂದಿನ ರಸ್ತೆಗೆ ಹೋಗುತ್ತದೆ. ದೊಡ್ಡ ನಗರಗಳಲ್ಲಿ ಹೆಚ್ಚು ವ್ಯಾಪಾರ ನಡೆಯುವ ತನ್ನ ಮಳಿಗೆಗಳ ಮೇಲೆ ಆನ್‌ಲೈನ್ ದಿನಸಿಯ ಪರಿಣಾಮ ಕಾಣುತ್ತಿದೆ ಎಂದು 2024ರ ಅಕ್ಟೋಬರ್‌ನಲ್ಲಿ ತ್ರೈಮಾಸಿಕ ಫಲಿತಾಂಶದ ಜೊತೆ ಡಿಮಾರ್ಟ್‌ನ ಆಡಳಿತವೇ ಹೇಳಿತು. ಮುಂದಿನ ವಹಿವಾಟಿನ ದಿನ ಷೇರು ಬೆಲೆ ಜೋರಾಗಿ ಕುಸಿಯಿತು. ಲಾಕ್‌ಡೌನ್‌ನಲ್ಲಿ ಕಾಪಾಡಿದ ಸ್ವಂತ ಕಟ್ಟಡವನ್ನು ಎತ್ತಿ ಇನ್ನೊಂದು ರಸ್ತೆಯಲ್ಲಿ ಇಡಲಾಗುವುದಿಲ್ಲ. ಮಳಿಗೆಯ ಮುಂದೆ ದ್ವಿಚಕ್ರ ವಾಹನ ನಿಲ್ಲಿಸಲು ಜಾಗ ಹುಡುಕುತ್ತಿದ್ದ ನನ್ನ ಹಳೆಯ ಗಿರಾಕಿಗಳಲ್ಲಿ ಅರ್ಧದಷ್ಟು ಮಂದಿ ಕೊತ್ತಂಬರಿ ಸೊಪ್ಪನ್ನೂ ಈಗ ಫೋನಿನಲ್ಲೇ ತರಿಸುತ್ತಾರೆ. ನಮ್ಮ ಮನೆಯಲ್ಲೂ ಅಷ್ಟೇ, ಏನು ಮಾಡುವುದು.

ಪ್ರಶ್ನೆ ಕೇಳಿದವರು:

ಮೂವರಿಗೂ ಕೃತಜ್ಞತೆಗಳು. ಎರಡು ಪಟ್ಟಿಗಳ ಕೋಷ್ಟಕವನ್ನು ತೆಗೆದುಹಾಕಿ ಅಧ್ಯಾಯವನ್ನು ಘಟನೆಗಳ ಪ್ರಕಾರ ಕಟ್ಟುತ್ತಿದ್ದೇನೆ. 2020ರ ಫೆಬ್ರವರಿ, ಮಾರ್ಚ್, ಆಗಸ್ಟ್ ಈ ಮೂರು ತಿಂಗಳುಗಳನ್ನೇ ಆರಿಸಿಕೊಂಡು, ಪ್ರತಿಯೊಂದರಲ್ಲೂ ಎರಡೂ ಕಂಪನಿಗಳ ಮುಂದೆ ಯಾವ ಆಯ್ಕೆಗಳು ಉಳಿದಿದ್ದವು, ಯಾವುವು ಹಿಂದೆಯೇ ಮುಚ್ಚಿಹೋಗಿದ್ದವು ಎಂದು ಬರೆಯುತ್ತೇನೆ. 26 ಕಿಲೋ ಚೀಲದ ಪ್ರಸಂಗವನ್ನು ಪೀಠಿಕೆಯಲ್ಲಿ ಬಳಸಿಕೊಳ್ಳಬಹುದೇ ಎಂದು ದಾವಣಗೆರೆಯ ಅಣ್ಣನವರ ಅನುಮತಿ ಕೇಳುತ್ತೇನೆ. ಊರು, ಅಂಗಡಿ ಯಾವುದನ್ನೂ ಹೆಸರಿಸುವುದಿಲ್ಲ. ಜೊತೆಗೆ ಒಂದು ಕುತೂಹಲ: ಆ ಪ್ಯಾಕಿಂಗ್ ಯಂತ್ರ ಏನಾಯಿತು? ಮಾರಿಬಿಟ್ಟಿರಾ?

ಉತ್ತರ 5: ದಿನಸಿ ವ್ಯಾಪಾರಿ, ದಾವಣಗೆರೆ

ಧಾರಾಳವಾಗಿ ಬಳಸಿಕೊಳ್ಳಿ ತಂಗಿ. ಯಂತ್ರವನ್ನು ಮಾರಲು ಹೋಗಿದ್ದೆ, ಕೊಂಡ ಬೆಲೆಯ ಮೂರನೆಯ ಒಂದು ಭಾಗಕ್ಕೂ ಯಾರೂ ಕೇಳಲಿಲ್ಲ. ಕಂತು ಇನ್ನೂ ಎರಡು ವರ್ಷ ಇತ್ತು. ನಾಲ್ಕು ತಿಂಗಳು ಅದರ ಮೇಲೆ ಗೋಣಿಚೀಲ ಹೊದಿಸಿ ಇಟ್ಟಿದ್ದೆ. ಆಮೇಲೆ ನಮ್ಮ ಲೆಕ್ಕದವರು ಒಂದು ಮಾತು ಹೇಳಿದರು: ಜೀರಿಗೆ, ಕೊತ್ತಂಬರಿ ಬೀಜ, ಒಣಮೆಣಸಿನಕಾಯಿಯಂಥ ಸಾಂಬಾರ ಪದಾರ್ಥಗಳಿಗೆ ಸಡಿಲವಾಗಿ ಮಾರಿದರೂ ಪ್ಯಾಕ್ ಮಾಡಿ ಮಾರಿದರೂ ಮೊದಲಿನಿಂದಲೂ ಶೇ 5 ಇದ್ದೇ ಇದೆ, ಪ್ಯಾಕ್ ಮಾಡುವುದರಿಂದ ಹೊಸದಾಗಿ ತೆರಿಗೆ ಏನೂ ಬೀಳುವುದಿಲ್ಲ ಎಂದು. ಈಗ ವಾರಕ್ಕೆ ಎರಡು ದಿನ ಯಂತ್ರ ಓಡುತ್ತದೆ. ನೂರು ಗ್ರಾಂ, ಇನ್ನೂರು ಗ್ರಾಂ ಪ್ಯಾಕೆಟ್ಟುಗಳು ಎರಡೂ ಅಂಗಡಿಗಳಿಗೆ ಹೋಗುತ್ತವೆ. ಸೂಪರ್ ಮಾರ್ಕೆಟ್‌ನ ಬಾಗಿಲ ಪಕ್ಕದಲ್ಲಿ ಒಂದು ತಕ್ಕಡಿ ಇಟ್ಟಿದ್ದೇನೆ. ಅಲ್ಲಿ ನಿಂತು ಅಕ್ಕಿ ತೂಗಿ ಕೊಡಲು ಮಂಡಿಪೇಟೆಯ ಹಳೆಯ ಹುಡುಗನನ್ನೇ ಕರೆಸಿಕೊಂಡಿದ್ದೇನೆ; ಹುಡುಗ ಎಂದರೆ, ಅವನಿಗೂ ಈಗ ಐವತ್ತು ದಾಟಿದೆ.